ಹಿಂದಿನ ಬೆಂಚಿನಿಂದ ಕೇಳಿಬಂದ ಕನ್ನಡ

ಜೆ.ಎಚ್. ಪಟೇಲರ ಹೆಸರು ಬಂದಾಗ ಕನ್ನಡಿಗರಿಗೆ ಸಾಮಾನ್ಯವಾಗಿ ಎರಡು ಸಂಗತಿಗಳು ನೆನಪಾಗುತ್ತವೆ. ಮುಖ್ಯಮಂತ್ರಿಯಾಗಿದ್ದಾಗ ಅವರು ರಚಿಸಿದ ಏಳು ಹೊಸ ಜಿಲ್ಲೆಗಳು ಒಂದು. ಎದುರಾಳಿಯನ್ನೂ ನಗಿಸುತ್ತಿದ್ದ ಅವರ ಮಾತಿನ ಚಾಟಿ ಇನ್ನೊಂದು. ಮೂರನೆಯ ಸಂಗತಿಯೊಂದು ಸ್ಪರ್ಧಾತ್ಮಕ ಪರೀಕ್ಷೆಗಳ ಸಾಮಾನ್ಯ ಜ್ಞಾನದ ಪುಸ್ತಕಗಳಲ್ಲಿ ಮಾತ್ರ ಉಳಿದುಕೊಂಡಿದೆ. ಲೋಕಸಭೆಯಲ್ಲಿ ಮೊದಲ ಬಾರಿಗೆ ಕನ್ನಡದಲ್ಲಿ ಮಾತನಾಡಿದವರು ಯಾರು ಎಂಬ ಪ್ರಶ್ನೆಗೆ ಅವರ ಹೆಸರು ಉತ್ತರ. ಒಂದು ಅಂಕದ ಈ ಉತ್ತರದ ಹಿಂದೆ ನಮ್ಮ ಸಂಸದೀಯ ಬದುಕಿನ ಬಹುದೊಡ್ಡ ಪ್ರಶ್ನೆಯೊಂದು ಅಡಗಿದೆ. ಪಟೇಲರು ತೀರಿಕೊಂಡು ಕಾಲು ಶತಮಾನವಾಗುತ್ತಿರುವ ಈ ಹೊತ್ತಿನಲ್ಲಿ ಅವರ ಅಧಿಕಾರದ ದಿನಗಳಿಗಿಂತ ಅಧಿಕಾರವೇ ಇಲ್ಲದ ನಾಲ್ಕು ವರ್ಷಗಳತ್ತ ನೋಡುವುದು ಹೆಚ್ಚು ಉಪಯುಕ್ತವೆಂದು ನನಗೆ ತೋರುತ್ತದೆ.

ನಾನು ಹೊನ್ನಾಳಿಯವನು, ಬಹುಕಾಲ ರಾಜ್ಯಶಾಸ್ತ್ರ ಪಾಠ ಹೇಳಿದವನು. ತರಗತಿಯಲ್ಲಿ ಸಂಸತ್ತಿನ ವಿಷಯ ಬಂದಾಗಲೆಲ್ಲ ವಿದ್ಯಾರ್ಥಿಗಳು ಒಂದು ಪ್ರಶ್ನೆಯನ್ನು ತಪ್ಪದೆ ಕೇಳುತ್ತಿದ್ದರು. ಮಂತ್ರಿಯಾಗದ, ಆಳುವ ಪಕ್ಷಕ್ಕೆ ಸೇರದ, ತನ್ನ ಪಕ್ಷದಲ್ಲೂ ಮುಂದಿನ ಸಾಲಿನಲ್ಲಿಲ್ಲದ ಸದಸ್ಯನೊಬ್ಬ ಐದು ವರ್ಷ ದೆಹಲಿಯಲ್ಲಿ ಕುಳಿತು ಮಾಡುವುದಾದರೂ ಏನು? ಅವನು ಮಂಡಿಸಿದ ಮಸೂದೆ ಅಂಗೀಕಾರವಾಗುವುದಿಲ್ಲ, ಅವನು ಎಣಿಸಿದಂತೆ ಮತ ಬೀಳುವುದಿಲ್ಲ, ಅವನ ಮಾತಿಗೆ ಖಜಾನೆ ತೆರೆಯುವುದಿಲ್ಲ. ಈ ಪ್ರಶ್ನೆಗೆ ಪಠ್ಯಪುಸ್ತಕದಲ್ಲಿ ಸಿಗುವ ಉತ್ತರ ಒಣಕಲು. ನಮ್ಮ ಸೀಮೆಯ ಇತಿಹಾಸದಲ್ಲಿ ಸಿಗುವ ಉತ್ತರ ಹಾಗಲ್ಲ.

ಜಯದೇವಪ್ಪ ಹಾಲಪ್ಪ ಪಟೇಲರು ಹುಟ್ಟಿದ್ದು 1930ರ ಅಕ್ಟೋಬರ್ 1ರಂದು, ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನಲ್ಲಿ. ಇಂದು ದಾವಣಗೆರೆ ಜಿಲ್ಲೆಯಲ್ಲಿರುವ ಚನ್ನಗಿರಿ, ಹೊನ್ನಾಳಿಗಳು ಆಗ ಶಿವಮೊಗ್ಗ ಜಿಲ್ಲೆಯ ತಾಲ್ಲೂಕುಗಳು. ಅವರ ಹೆಸರಿನ ಕೊನೆಯಲ್ಲಿ ಕುಳಿತಿದ್ದ ಪಟೇಲ ಎಂಬ ಪದವೇ ಹಳೆಯ ಗ್ರಾಮಾಡಳಿತದ ಗುರುತು. ಕಂದಾಯ ವಸೂಲಿ, ಊರಿನ ಯಜಮಾನಿಕೆ, ವಂಶಪಾರಂಪರ್ಯದ ಗೌರವ ಎಲ್ಲವನ್ನೂ ಆ ಪದ ಹೊತ್ತಿತ್ತು. ಮೈಸೂರು ರಾಜ್ಯ 1961ರಲ್ಲಿ ಕಾನೂನು ಮಾಡಿ ಅಂಥ ವಂಶಪಾರಂಪರ್ಯ ಗ್ರಾಮ ಹುದ್ದೆಗಳನ್ನು ರದ್ದುಪಡಿಸಿತು. ಹೆಸರಿನಲ್ಲಿ ಯಜಮಾನಿಕೆಯನ್ನು ಹೊತ್ತ, ಕಾನೂನು ಓದಿದ ಈ ಯುವಕ ಯಜಮಾನಿಕೆಯನ್ನೇ ಪ್ರಶ್ನಿಸುವ ಸಮಾಜವಾದಿ ಪಕ್ಷ ಸೇರಿದ್ದು ಆ ಕಾಲದ ಶಿವಮೊಗ್ಗ ಜಿಲ್ಲೆಯ ಗಾಳಿಯನ್ನು ಬಲ್ಲವರಿಗೆ ಆಶ್ಚರ್ಯ ತರುವುದಿಲ್ಲ.

ಆ ಗಾಳಿ ಬೀಸಿದ್ದು ಸಾಗರದ ಕಡೆಯಿಂದ. 1951ರ ಏಪ್ರಿಲ್‌ನಲ್ಲಿ ಕಾಗೋಡಿನ ಗೇಣಿದಾರರು ಗೇಣಿ ಅಳೆಯುವ ಕೊಳಗದ ಅನ್ಯಾಯದ ವಿರುದ್ಧ ಎದ್ದು ನಿಂತರು. ಎಚ್. ಗಣಪತಿಯಪ್ಪನವರು ಅದರ ಮುಂಚೂಣಿಯಲ್ಲಿದ್ದರು. ಸಮಾಜವಾದಿಗಳು ಚಳವಳಿಯನ್ನು ತಮ್ಮದೆಂದು ಕೈಗೆತ್ತಿಕೊಂಡರು. ರಾಮಮನೋಹರ ಲೋಹಿಯಾ ಜೂನ್‌ನಲ್ಲಿ ಅಲ್ಲಿಗೆ ಬಂದು ಬಂಧನಕ್ಕೊಳಗಾದರು. ಮರುವರ್ಷವೇ ನಡೆದ ಮೊದಲ ಮಹಾಚುನಾವಣೆಯಲ್ಲಿ ತೀರ್ಥಹಳ್ಳಿಯ ಆರಗದ ಶಾಂತವೇರಿ ಗೋಪಾಲಗೌಡರು ಸಾಗರ–ಹೊಸನಗರ ಕ್ಷೇತ್ರದಿಂದ ಗೆದ್ದು ಮೈಸೂರು ವಿಧಾನಸಭೆ ಪ್ರವೇಶಿಸಿದರು. ವಿರೋಧ ಪಕ್ಷದ ಬೆರಳೆಣಿಕೆಯ ಸದಸ್ಯರಲ್ಲಿ ಒಬ್ಬರಾಗಿ, ಎಂದೂ ಮಂತ್ರಿಯಾಗದೆ, ಗೇಣಿದಾರನ ಹಕ್ಕು, ಕನ್ನಡದ ಆಡಳಿತ, ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಮುಂತಾದ ವಿಷಯಗಳನ್ನು ಸದನದೊಳಗೆ ಜೀವಂತವಾಗಿಟ್ಟವರು ಅವರು. ಪಟೇಲರ ರಾಜಕೀಯ ಬೆಳೆದದ್ದು ಈ ಗೌಡರ ನೆರಳಿನಲ್ಲಿ. ಹಿಂದಿನ ಬೆಂಚಿನಲ್ಲಿ ಕುಳಿತವನಿಗೂ ಇಡೀ ಸದನ ಕಿವಿಗೊಡುವಂತೆ ಮಾಡಬಹುದೆಂಬ ಪಾಠವನ್ನು ನಮ್ಮ ಜಿಲ್ಲೆಯ ಸಮಾಜವಾದಿಗಳು ಕಲಿತದ್ದು ಗೌಡರಿಂದಲೇ.

1967ರ ಮಹಾಚುನಾವಣೆ ದೇಶದ ರಾಜಕೀಯವನ್ನು ಅಲುಗಾಡಿಸಿತು. ಅನೇಕ ರಾಜ್ಯಗಳು ಕಾಂಗ್ರೆಸ್ಸಿನ ಕೈತಪ್ಪಿದವು. ಲೋಕಸಭೆಯ 520 ಸ್ಥಾನಗಳಲ್ಲಿ ಆ ಪಕ್ಷಕ್ಕೆ ದೊರೆತದ್ದು 283 ಮಾತ್ರ. ಮೈಸೂರು ರಾಜ್ಯದಲ್ಲಿ ಮಾತ್ರ ಕಾಂಗ್ರೆಸ್ ತನ್ನ ಕೋಟೆಯನ್ನು ಬಹುಮಟ್ಟಿಗೆ ಉಳಿಸಿಕೊಂಡಿತು. 27 ಸ್ಥಾನಗಳಲ್ಲಿ 18 ಅದರ ಪಾಲಾದವು. ಸಂಯುಕ್ತ ಸಮಾಜವಾದಿ ಪಕ್ಷಕ್ಕೆ ಇಡೀ ರಾಜ್ಯದಿಂದ ಸಿಕ್ಕ ಏಕೈಕ ಸ್ಥಾನ ಶಿವಮೊಗ್ಗ. ಅಲ್ಲಿಂದ ಗೆದ್ದ ಪಟೇಲರಿಗೆ ಆಗ 36 ವರ್ಷ. ಹಿಂದಿನ ಲೋಕಸಭೆಯಲ್ಲಿ ಅದೇ ಕ್ಷೇತ್ರವನ್ನು ಪ್ರತಿನಿಧಿಸಿದ್ದ ಎಸ್.ವಿ. ಕೃಷ್ಣಮೂರ್ತಿ ರಾಯರು ಉಪಸಭಾಧ್ಯಕ್ಷರಾಗಿದ್ದರು. ಸದನವನ್ನು ನಡೆಸುವ ಪೀಠದಲ್ಲಿ ಸದಸ್ಯನನ್ನು ಕೂರಿಸಿದ್ದ ಕ್ಷೇತ್ರವೊಂದು ಈ ಸಲ ಸದನವನ್ನು ಕೆಣಕುವ ಬೆಂಚಿಗೆ ಒಬ್ಬನನ್ನು ಕಳಿಸಿತು.

ಸದನದಲ್ಲಿ ಆಸನಗಳು ಪಕ್ಷದ ಬಲಕ್ಕೆ ಅನುಗುಣವಾಗಿ ಹಂಚಿಕೆಯಾಗುತ್ತವೆ. ಮಾತಿನ ಸಮಯವೂ ಹಾಗೆಯೇ. ಸಂಯುಕ್ತ ಸಮಾಜವಾದಿ ಪಕ್ಷದ ಬಲ 23. ಅದರಲ್ಲಿ ಘಟಾನುಘಟಿಗಳೇ ಇದ್ದರು. ಸ್ವತಃ ಲೋಹಿಯಾ ಇದ್ದರು, ಸಂಸದೀಯ ನಿಯಮಗಳನ್ನು ಅರೆದು ಕುಡಿದಿದ್ದ ಮಧು ಲಿಮಯೆ ಇದ್ದರು, ಒಡಿಶಾದ ರವಿ ರಾಯ್ ಇದ್ದರು, ಮುಂಬಯಿಯಲ್ಲಿ ಎಸ್.ಕೆ. ಪಾಟೀಲರಂಥ ಬಲಾಢ್ಯರನ್ನು ಸೋಲಿಸಿ ಬಂದ ಮಂಗಳೂರಿನ ಜಾರ್ಜ್ ಫರ್ನಾಂಡಿಸ್ ಇದ್ದರು. ಇಂಥವರ ನಡುವೆ ಮೊದಲ ಬಾರಿ ಆರಿಸಿಬಂದ ಸದಸ್ಯನ ಪಾಲಿಗೆ ಬೀಳುವ ನಿಮಿಷಗಳು ಎಷ್ಟೆಂಬುದನ್ನು ಯಾರೂ ಊಹಿಸಬಹುದು. ಆ ಕೆಲವೇ ನಿಮಿಷಗಳನ್ನು ಯಾವ ಭಾಷೆಯಲ್ಲಿ ಬಳಸಬೇಕೆಂಬುದು ಪಟೇಲರ ಮುಂದಿದ್ದ ಪ್ರಶ್ನೆ.

ಇಂದು ನಮಗೆ ಇದು ಭಾವನೆಯ ಪ್ರಶ್ನೆಯಂತೆ ಕಾಣಬಹುದು. 1967ರಲ್ಲಿ ಅದು ಸುಡುವ ರಾಜಕೀಯವಾಗಿತ್ತು. ಸಂವಿಧಾನ ಜಾರಿಗೆ ಬಂದ 15 ವರ್ಷಗಳ ನಂತರ ಕೇಂದ್ರದ ಕೆಲಸಕಾರ್ಯ ಹಿಂದಿಗೆ ಬದಲಾಗಬೇಕೆಂಬ ಗಡುವು 1965ರ ಜನವರಿಯಲ್ಲಿ ಮುಗಿದಾಗ ಮದ್ರಾಸ್ ರಾಜ್ಯ ಹೊತ್ತಿ ಉರಿಯಿತು. ಇಂಗ್ಲಿಷ್ ಮುಂದುವರಿಯಲು 1963ರ ಅಧಿಕೃತ ಭಾಷಾ ಕಾಯ್ದೆ ಅವಕಾಶ ಕೊಟ್ಟಿದ್ದರೂ ದಕ್ಷಿಣದ ಆತಂಕ ತಣಿಯಲಿಲ್ಲ. ಎರಡು ವರ್ಷಗಳ ಬಳಿಕ ಅದೇ ಸಿಟ್ಟಿನ ಅಲೆಯ ಮೇಲೆ ದ್ರಾವಿಡ ಮುನ್ನೇತ್ರ ಕಳಗಂ ಮದ್ರಾಸಿನ ಗದ್ದುಗೆ ಏರಿತು. ಲೋಕಸಭೆಗೂ ಅದರ 25 ಮಂದಿ ಬಂದು ಕುಳಿತರು. 1967ರ ಡಿಸೆಂಬರ್‌ನಲ್ಲಿ ಭಾಷಾ ಕಾಯ್ದೆಗೆ ತಿದ್ದುಪಡಿ ಬಂದಾಗ ಸಂಸತ್ತಿನ ಒಳಗೂ ಹೊರಗೂ ಕಾವು ಏರಿತ್ತು.

ಇಂಥ ಸಂದರ್ಭದಲ್ಲಿ ದಕ್ಷಿಣದಿಂದ ಬಂದ ಲೋಹಿಯಾವಾದಿಯೊಬ್ಬನ ಸ್ಥಿತಿ ಇಕ್ಕಟ್ಟಿನದು. ಇಂಗ್ಲಿಷನ್ನು ಸಾರ್ವಜನಿಕ ಜೀವನದಿಂದ ತೊಲಗಿಸಬೇಕೆಂಬುದು ಲೋಹಿಯಾ ಅವರ ಅಂಗ್ರೇಜಿ ಹಟಾವೋ ಚಳವಳಿಯ ಕರೆ. ಅವರ ತರ್ಕ ಸರಳವಾಗಿತ್ತು. ನೂರರಲ್ಲಿ ಕೆಲವರಿಗೆ ಮಾತ್ರ ಗೊತ್ತಿರುವ ಭಾಷೆಯಲ್ಲಿ ದೇಶ ಆಳಿದರೆ ಆಳ್ವಿಕೆ ಆ ಕೆಲವರ ಆಸ್ತಿಯಾಗುತ್ತದೆ; ಉಳಿದವರು ತಮ್ಮದೇ ದೇಶದಲ್ಲಿ ಪ್ರೇಕ್ಷಕರಾಗುತ್ತಾರೆ. ಆದರೆ ಇಂಗ್ಲಿಷ್ ತೊಲಗಲಿ ಎಂಬ ಕೂಗು ಉತ್ತರದಲ್ಲಿ ಹಿಂದಿ ಬರಲಿ ಎಂದೇ ಕೇಳಿಸುತ್ತಿತ್ತು. ದಕ್ಷಿಣದಲ್ಲಿ ಅದಕ್ಕೆ ಹಿಂದಿ ಹೇರಿಕೆ ಎಂಬ ಅರ್ಥ ಹತ್ತಿಕೊಂಡಿತ್ತು. ಪಟೇಲರು ಇಂಗ್ಲಿಷಿನಲ್ಲಿ ಮಾತನಾಡಿದರೆ ಪಕ್ಷದ ತತ್ವಕ್ಕೆ ಎರಡು ಬಗೆದಂತೆ. ಹಿಂದಿಯಲ್ಲಿ ಮಾತನಾಡಿದರೆ ತಮ್ಮನ್ನು ಆರಿಸಿದ ಜನರ ಅನುಮಾನಕ್ಕೆ ತಾವೇ ಸಾಕ್ಷಿ ಒದಗಿಸಿದಂತೆ. ಮೂರನೆಯ ದಾರಿಯೊಂದಿತ್ತು. ಅದನ್ನು ತುಳಿದ ಕನ್ನಡಿಗರು ಇರಲಿಲ್ಲ.

ಏಕೆ ಇರಲಿಲ್ಲ ಎಂಬುದಕ್ಕೆ ಸಂವಿಧಾನದ 120ನೆಯ ವಿಧಿಯನ್ನು ನೋಡಬೇಕು. ಸಂಸತ್ತಿನ ವ್ಯವಹಾರ ಹಿಂದಿಯಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿ ನಡೆಯತಕ್ಕದ್ದು. ಈ ಎರಡರಲ್ಲೂ ತನ್ನ ಭಾವವನ್ನು ಸಮರ್ಪಕವಾಗಿ ಹೇಳಲಾರದ ಸದಸ್ಯನಿಗೆ ಮಾತೃಭಾಷೆಯಲ್ಲಿ ಮಾತನಾಡಲು ಸಭಾಧ್ಯಕ್ಷರು ಅನುಮತಿ ನೀಡಬಹುದು. ಇಲ್ಲಿರುವ ಸೂಕ್ಷ್ಮವನ್ನು ಓದುಗರು ಗಮನಿಸಬೇಕು. ಮಾತೃಭಾಷೆ ಇಲ್ಲಿ ಹಕ್ಕಲ್ಲ, ರಿಯಾಯಿತಿ. ಅಸಮರ್ಥನಿಗೆ ತೋರುವ ಕನಿಕರ. ಕುಂಟನಿಗೆ ಊರುಗೋಲು ಕೊಟ್ಟಂತೆ, ಬೇರೆ ಭಾಷೆ ಬಾರದವನಿಗೆ ಅವನ ಭಾಷೆಯನ್ನು ಕೊಡಲಾಗಿದೆ.

ಅದೇ ಸಂವಿಧಾನದ 350ನೆಯ ವಿಧಿ ಬೇರೆಯದನ್ನೇ ಹೇಳುತ್ತದೆ. ತನ್ನ ಕುಂದುಕೊರತೆಯ ಪರಿಹಾರಕ್ಕಾಗಿ ಯಾವುದೇ ವ್ಯಕ್ತಿ ಕೇಂದ್ರದ ಅಥವಾ ರಾಜ್ಯದ ಯಾವ ಅಧಿಕಾರಿಗೇ ಆಗಲಿ, ಅಲ್ಲಿ ಬಳಕೆಯಲ್ಲಿರುವ ಯಾವ ಭಾಷೆಯಲ್ಲೇ ಆಗಲಿ ಮನವಿ ಸಲ್ಲಿಸಬಹುದು. ಅಂದರೆ ತುಂಗಭದ್ರೆಯ ದಂಡೆಯ ಹೊನ್ನಾಳಿಯ ರೈತನೊಬ್ಬ ದೆಹಲಿಯ ಇಲಾಖೆಗೆ ಕನ್ನಡದಲ್ಲಿ ಅರ್ಜಿ ಬರೆಯುವುದು ಅವನ ಹಕ್ಕು. ಅದೇ ರೈತನ ಅಳಲನ್ನು ಅವನ ಪ್ರತಿನಿಧಿ ಸದನದಲ್ಲಿ ಕನ್ನಡದಲ್ಲಿ ಹೇಳಬೇಕಾದರೆ ಮೊದಲು ತನಗೆ ಬೇರೆ ಭಾಷೆ ಬಾರದೆಂದು ಒಪ್ಪಿಕೊಳ್ಳಬೇಕು. ಮನವಿ ಬರೆಯುವವನಿಗೆ ಇರುವ ಘನತೆ ಮಾತನಾಡುವವನಿಗೆ ಇಲ್ಲ. ನಾಲ್ಕು ದಶಕ ಸಂವಿಧಾನದ ಪಾಠ ಹೇಳಿದ ನನಗೆ ಈ ವಿಚಿತ್ರದ ಅರ್ಥ ತಿಳಿದದ್ದು ಪಟೇಲರು ಮಾಡಿದ್ದನ್ನು ಮತ್ತೆ ಮತ್ತೆ ಯೋಚಿಸಿದಾಗ.

ಪಟೇಲರು ಕಾನೂನು ಪದವೀಧರರು, ಇಂಗ್ಲಿಷ್ ಬಲ್ಲವರು. ಊರುಗೋಲು ಅವರಿಗೆ ಬೇಕಾಗಿರಲಿಲ್ಲ. ಹಾಗಿದ್ದೂ 1967ರಲ್ಲಿ ಲೋಕಸಭೆಯಲ್ಲಿ ಎದ್ದು ನಿಂತು ಅವರು ಕನ್ನಡದಲ್ಲಿ ಮಾತನಾಡಿದರು. ಸಭಾಧ್ಯಕ್ಷ ಪೀಠದಲ್ಲಿದ್ದವರು ನೀಲಂ ಸಂಜೀವ ರೆಡ್ಡಿ. ಕನ್ನಡ ನಾಡಿನ ಗಡಿಗೆ ಹೊಂದಿಕೊಂಡ ಅನಂತಪುರ ಜಿಲ್ಲೆಯ ಇಲ್ಲೂರಿನವರು, ಸಭಾಧ್ಯಕ್ಷರಾದ ಮೇಲೆ ತಮ್ಮ ಪಕ್ಷದ ಸದಸ್ಯತ್ವವನ್ನೇ ತೊರೆದವರು. ಅವರು ಪಟೇಲರನ್ನು ತಡೆಯಲಿಲ್ಲ, ಮುಂದುವರಿಯಲು ಅವಕಾಶ ಕೊಟ್ಟರು. ಹೀಗೆ ಭಾಷೆ ಬಾರದವನಿಗೆಂದು ಇಟ್ಟಿದ್ದ ಕಿಂಡಿಯನ್ನು ಭಾಷೆ ಬಲ್ಲವನೊಬ್ಬ ಬಾಗಿಲಾಗಿ ಬಳಸಿದ. ಸಂವಿಧಾನದ ಒಂದು ಅಕ್ಷರವೂ ಬದಲಾಗಲಿಲ್ಲ. ಅದರ ಬಳಕೆ ಬದಲಾಯಿತು. ಸಂಸದೀಯ ಪದ್ಧತಿಯಲ್ಲಿ ದೊಡ್ಡ ಬದಲಾವಣೆಗಳು ಬಹಳ ಸಲ ಬರುವುದು ಹೀಗೆಯೇ. ಮೊದಲು ಒಬ್ಬ ಮಾಡುತ್ತಾನೆ, ಪೀಠ ಒಪ್ಪುತ್ತದೆ, ಮುಂದಿನವರಿಗೆ ಅದು ಪೂರ್ವನಿದರ್ಶನವಾಗುತ್ತದೆ.

ಆ ಸುದ್ದಿ ಪತ್ರಿಕೆಗಳ ಮೂಲಕ ನಮ್ಮೂರಿಗೆ ತಲುಪಿದಾಗ ನನಗಿನ್ನೂ ಹದಿನಾರು. ಊರಿನ ಹಿರಿಯರಲ್ಲಿ ಎರಡು ಅಭಿಪ್ರಾಯಗಳಿದ್ದುದು ನೆನಪಿದೆ. ನಮ್ಮ ಮಾತು ದೆಹಲಿಯಲ್ಲಿ ಕೇಳಿಸಿತಲ್ಲ ಎಂದು ಹಿಗ್ಗಿದವರು ಕೆಲವರು. ಅಲ್ಲಿ ಅದು ಯಾರಿಗೆ ತಿಳಿಯಿತು ಎಂದು ಕೇಳಿದವರು ಇನ್ನು ಕೆಲವರು. ಆಗ ನನಗೆ ಎರಡನೆಯವರು ಸಿನಿಕರಂತೆ ಕಂಡಿದ್ದರು. ವಾಸ್ತವದಲ್ಲಿ ಅವರ ಪ್ರಶ್ನೆ ಗಟ್ಟಿಯಾಗಿತ್ತು. ಇಂದಿಗೂ ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ.

ಲೋಕಸಭೆಯಲ್ಲಿ ಏಕಕಾಲದ ಭಾಷಾಂತರ ಆರಂಭವಾದದ್ದು 1964ರ ಸೆಪ್ಟೆಂಬರ್‌ನಲ್ಲಿ. ಅದೂ ಹಿಂದಿ ಮತ್ತು ಇಂಗ್ಲಿಷಿನ ನಡುವೆ ಮಾತ್ರ. ಕನ್ನಡದಲ್ಲಿ ಆಡಿದ ಮಾತು ನೂರಾರು ಸದಸ್ಯರ ಕಿವಿಗೆ ಬಿದ್ದೂ ಬೀಳದಂತೆ ಹಾದುಹೋಗುತ್ತಿತ್ತು. ಸಂಬಂಧಪಟ್ಟ ಮಂತ್ರಿಗೆ ಅದು ನಾಟುವುದು ಹೇಗೆ? ಸದಸ್ಯನ ಆಯುಧವೇ ಮಾತು. ಎದುರಾಳಿಗೆ ತಿಳಿಯದ ಮಾತನ್ನು ಆಡುವವನು ತನ್ನ ಆಯುಧವನ್ನು ತಾನೇ ಒರೆಗೆ ಹಾಕಿದಂತಲ್ಲವೇ? ಲೋಹಿಯಾ ಅವರೇ 1963ರ ಆಗಸ್ಟ್‌ನಲ್ಲಿ, ಅವಿಶ್ವಾಸ ನಿರ್ಣಯದ ಚರ್ಚೆಯಲ್ಲಿ, ದೇಶದ ಬಹುಸಂಖ್ಯಾತ ಬಡವರ ದಿನದ ಆದಾಯ ಮೂರಾಣೆ ಎಂದು ವಾದಿಸಿ ಸರ್ಕಾರವನ್ನು ಹದಿನೈದಾಣೆಯ ಸಮರ್ಥನೆಗೆ ಇಳಿಸಿದ್ದರು. ಅಂಕಿಅಂಶವನ್ನು ಹಿಡಿದು ಸಣ್ಣ ಪಕ್ಷದ ಒಬ್ಬ ಸದಸ್ಯ ಇಡೀ ಸರ್ಕಾರವನ್ನು ನಿಲ್ಲಿಸಿ ಕೇಳಬಹುದೆಂಬುದಕ್ಕೆ ಅದು ದೊಡ್ಡ ಉದಾಹರಣೆ. ಆದರೆ ಲೋಹಿಯಾ ಹಿಂದಿಯಲ್ಲಿ ಮಾತನಾಡಿದರು; ಅದು ಅಲ್ಲಿ ತಿಳಿಯುವ ಭಾಷೆ. ಕನ್ನಡಿಗನಿಗೆ ಆ ಅನುಕೂಲ ಇರಲಿಲ್ಲ.

ಪಟೇಲರ ಮುಂದಿದ್ದ ಆಯ್ಕೆ ಇದರಿಂದಾಗಿ ದುಬಾರಿಯಾಗಿತ್ತು. ಸದನಕ್ಕೆ ತಿಳಿಯುವಂತೆ ಮಾತನಾಡಿದರೆ ಕ್ಷೇತ್ರದ ಜನ ಹೊರಗುಳಿಯುತ್ತಾರೆ. ಕ್ಷೇತ್ರದ ಭಾಷೆಯಲ್ಲಿ ಮಾತನಾಡಿದರೆ ಸದನ ಹೊರಗುಳಿಯುತ್ತದೆ. ಈ ಬೆಲೆಯನ್ನು ತಿಳಿದೇ ತೆತ್ತರು ಎಂಬುದರಲ್ಲಿ ಅವರ ಕ್ರಿಯೆಯ ತೂಕವಿದೆ. ಸದನಕ್ಕೆ ಅರ್ಥವಾಗದಿದ್ದರೆ ಅದು ಸದನದ ಕೊರತೆಯೇ ಹೊರತು ಭಾಷೆಯ ಕೊರತೆಯಲ್ಲ ಎಂಬುದನ್ನು ವಾದದಿಂದ ಸ್ಥಾಪಿಸಲು ಎಷ್ಟು ಭಾಷಣ ಮಾಡಿದರೂ ಸಾಲದು. ಒಮ್ಮೆ ಮಾಡಿ ತೋರಿಸಿದರೆ ಸಾಕು. ಭಾಷಾಂತರಕಾರರಿಲ್ಲದ ಸದನದಲ್ಲಿ ಕನ್ನಡ ಕೇಳಿಸಿದ್ದರಿಂದ ಅಲ್ಲಿ ಕನ್ನಡದ ಭಾಷಾಂತರಕಾರನಿಲ್ಲ ಎಂಬುದು ಮೊದಲ ಬಾರಿ ಎಲ್ಲರಿಗೂ ಕಂಡಿತು.

ಅದೇ ಕ್ರಿಯೆ ಅವರ ಪಕ್ಷಕ್ಕೂ ಒಂದು ಉತ್ತರವಾಗಿತ್ತೆಂದು ನಾನು ಭಾವಿಸುತ್ತೇನೆ. ಇಂಗ್ಲಿಷ್ ಹೋದ ಜಾಗಕ್ಕೆ ಹಿಂದಿಯೊಂದೇ ಬರುವುದಾದರೆ ಕನ್ನಡಿಗನ ಮಟ್ಟಿಗೆ ಒಡೆಯ ಬದಲಾದಂತೆಯೇ ಹೊರತು ಒಡೆತನ ಹೋದಂತಲ್ಲ. ಜನಭಾಷೆಗಳೆಲ್ಲ ಒಟ್ಟಿಗೆ ಬಂದರೆ ಮಾತ್ರ ಲೋಹಿಯಾ ಅವರ ವಾದ ಪೂರ್ಣವಾಗುತ್ತದೆ. ಉತ್ತರದ ಹಿಂದಿವಾದಿಗಳಿಗೂ ದಕ್ಷಿಣದ ಇಂಗ್ಲಿಷ್‌ವಾದಿಗಳಿಗೂ ಒಪ್ಪಿಗೆಯಾಗದ ಈ ನಿಲುವನ್ನು ಗ್ರಂಥದಲ್ಲಿ ಬರೆಯದೆ ಸದನದಲ್ಲಿ ನಡೆದು ತೋರಿಸಿದವರು ಚನ್ನಗಿರಿಯ ಈ ಸದಸ್ಯ. ಲೋಹಿಯಾ ಅದೇ ವರ್ಷ ಅಕ್ಟೋಬರ್ 12ರಂದು ತೀರಿಕೊಂಡರು. ಗುರುವಿನೊಂದಿಗೆ ಒಂದೇ ಸದನದಲ್ಲಿ ಕೂರುವ ಭಾಗ್ಯ ಪಟೇಲರಿಗೆ ಕೆಲವೇ ತಿಂಗಳದಾಯಿತು.

ನಾಲ್ಕು ವರ್ಷಗಳ ಅವಧಿಯನ್ನು ಒಂದೇ ಭಾಷಣಕ್ಕೆ ಇಳಿಸುವುದು ತಪ್ಪಾದೀತು. ಆ ಲೋಕಸಭೆ ಸ್ವತಂತ್ರ ಭಾರತದ ಅತ್ಯಂತ ಬಿರುಸಿನ ಸದನಗಳಲ್ಲೊಂದು. 1969ರ ಜುಲೈಯಲ್ಲಿ ಬ್ಯಾಂಕುಗಳ ರಾಷ್ಟ್ರೀಕರಣವಾಯಿತು. ನವೆಂಬರ್‌ನಲ್ಲಿ ಕಾಂಗ್ರೆಸ್ ಒಡೆಯಿತು. ಇಂದಿರಾ ಗಾಂಧಿಯವರ ಸರ್ಕಾರ ಇತರ ಪಕ್ಷಗಳ ಬೆಂಬಲವನ್ನು ನೆಚ್ಚಿ ಉಳಿಯಿತು. ಮಾಜಿ ರಾಜರಿಗೆ ನೀಡುತ್ತಿದ್ದ ರಾಜಧನದ ರದ್ದತಿಗಾಗಿ ಸಮಾಜವಾದಿಗಳು ಮೊದಲಿನಿಂದಲೂ ಒತ್ತಾಯಿಸುತ್ತಿದ್ದರು. ಮೈಸೂರು ಅರಸರಿಗೆ ಗೊತ್ತುಪಡಿಸಿದ್ದ ಮೊತ್ತ ವರ್ಷಕ್ಕೆ 26 ಲಕ್ಷ ರೂಪಾಯಿ ಎಂಬುದನ್ನು ನೆನೆದರೆ ಈ ವಿಷಯ ನಮ್ಮ ರಾಜ್ಯಕ್ಕೆ ಎಷ್ಟು ಹತ್ತಿರದ್ದೆಂದು ತಿಳಿಯುತ್ತದೆ. 1970ರ ಸೆಪ್ಟೆಂಬರ್‌ನಲ್ಲಿ ಆ ಮಸೂದೆ ಲೋಕಸಭೆಯಲ್ಲಿ ಅಂಗೀಕಾರವಾಗಿ, ರಾಜ್ಯಸಭೆಯಲ್ಲಿ ಮೂರನೇ ಎರಡರಷ್ಟು ಬಹುಮತಕ್ಕೆ ಒಂದು ಮತಕ್ಕೂ ಕಡಿಮೆ ಅಂತರದಿಂದ ಬಿದ್ದುಹೋಯಿತು. ಅದು ಕೊನೆಗೂ ಕಾನೂನಾದದ್ದು 1971ರ ಕೊನೆಯಲ್ಲಿ. ಆ ಹೊತ್ತಿಗೆ ಪಟೇಲರು ಸದನದಲ್ಲಿರಲಿಲ್ಲ.

ಹಿಂದಿನ ಬೆಂಚಿನ ಕೆಲಸದ ಮಿತಿಯೂ ಆ ವರ್ಷಗಳಲ್ಲಿ ಸ್ಪಷ್ಟವಾಗಿತ್ತು. ಶಿವಮೊಗ್ಗ ಜಿಲ್ಲೆಯ ಗೇಣಿದಾರನ ಸಂಕಟ ಪಟೇಲರ ರಾಜಕೀಯದ ತಾಯಿಬೇರು. ಆದರೆ ಭೂಮಿ ರಾಜ್ಯಪಟ್ಟಿಯ ವಿಷಯ. 1961ರ ಭೂಸುಧಾರಣಾ ಕಾಯ್ದೆ ಜಾರಿಗೆ ಬಂದದ್ದೇ 1965ರ ಅಕ್ಟೋಬರ್ 2ರಂದು. ಅದರ ಹಲ್ಲು ಮೊಂಡು ಎಂಬುದು ಎಲ್ಲರಿಗೂ ಗೊತ್ತಿತ್ತು. ಅದನ್ನು ತಿದ್ದುವ ಅಧಿಕಾರ ದೆಹಲಿಯ ಸದಸ್ಯನಿಗೆ ಇರಲಿಲ್ಲ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನಿಂದ ಮನೆಮಠ ಕಳೆದುಕೊಂಡವರ ಪುನರ್ವಸತಿಯೂ ಬೆಂಗಳೂರಿನ ಕಡತಗಳಲ್ಲಿ ಸಿಕ್ಕಿಕೊಂಡಿತ್ತು. ದೆಹಲಿಯ ಸದಸ್ಯನಿಗೆ ಇದ್ದದ್ದು ಪ್ರಶ್ನೋತ್ತರ ವೇಳೆಯ ಒಂದು ತಾಸು, ಆಯವ್ಯಯದ ಮೇಲಿನ ಖಂಡನಾ ಸೂಚನೆಗಳು, ಶುಕ್ರವಾರ ಸಂಜೆ ಖಾಸಗಿ ಸದಸ್ಯರಿಗೆ ಮೀಸಲಾದ ಎರಡೂವರೆ ತಾಸು.

ಆ ಶುಕ್ರವಾರಗಳೂ ವ್ಯರ್ಥವಲ್ಲ ಎಂಬುದಕ್ಕೆ ಅದೇ ಲೋಕಸಭೆಯಲ್ಲಿ ಒಂದು ನಿದರ್ಶನವಿದೆ. ಲಖನೌದಿಂದ ಪಕ್ಷೇತರರಾಗಿ ಆರಿಸಿಬಂದಿದ್ದ ನಿವೃತ್ತ ನ್ಯಾಯಮೂರ್ತಿ ಆನಂದ ನಾರಾಯಣ ಮುಲ್ಲಾ ಅವರು ಸುಪ್ರೀಂ ಕೋರ್ಟಿನ ಕ್ರಿಮಿನಲ್ ಮೇಲ್ಮನವಿ ವ್ಯಾಪ್ತಿಯನ್ನು ವಿಸ್ತರಿಸುವ ಖಾಸಗಿ ಮಸೂದೆ ಮಂಡಿಸಿದ್ದರು. 1970ರಲ್ಲಿ ಅದು ಕಾನೂನಾಯಿತು. ನಮ್ಮ ಸಂಸತ್ತು ಇದುವರೆಗೆ ಅಂಗೀಕರಿಸಿರುವ ಖಾಸಗಿ ಸದಸ್ಯರ ಮಸೂದೆಗಳು ಹದಿನಾಲ್ಕೇ. ಅವುಗಳಲ್ಲಿ ಕೊನೆಯದು ಅದು. ಐದು ದಶಕಗಳಿಗೂ ಮಿಕ್ಕಿ ಆ ಬಾಗಿಲು ಮತ್ತೆ ತೆರೆದಿಲ್ಲ. ಪಟೇಲರು ಕುಳಿತಿದ್ದ ಸದನವೇ ಹಿಂದಿನ ಬೆಂಚಿನಿಂದ ಕಾನೂನು ಹೊರಟ ಕೊನೆಯ ಸದನವೆಂಬುದು ಕಾಕತಾಳೀಯ. ಆದರೂ ಯೋಚಿಸಬೇಕಾದ ಕಾಕತಾಳೀಯ.

1970ರ ಡಿಸೆಂಬರ್‌ನಲ್ಲಿ ಲೋಕಸಭೆ ಅವಧಿಗೆ ಮುನ್ನವೇ ವಿಸರ್ಜನೆಯಾಯಿತು. ಮರುವರ್ಷದ ಚುನಾವಣೆಯಲ್ಲಿ ಇಂದಿರಾ ಅಲೆಗೆ ಸಿಕ್ಕಿ ಪಟೇಲರು ಶಿವಮೊಗ್ಗವನ್ನು ಕಳೆದುಕೊಂಡರು. ಅವರ ಗುರು ಗೋಪಾಲಗೌಡರು 1972ರ ಜೂನ್ 9ರಂದು, ಐವತ್ತು ತುಂಬುವ ಮೊದಲೇ ಕಣ್ಮುಚ್ಚಿದರು. ಗೌಡರು ಸದನದಲ್ಲಿ ಕೇಳುತ್ತ ಬಂದದ್ದೆಲ್ಲ ಅವರು ಹೋದ ಮೇಲೆ ಒಂದೊಂದಾಗಿ ಕೈಗೂಡಿದ್ದು ವಿಪರ್ಯಾಸ. 1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂತು. 1974ರಲ್ಲಿ ದೇವರಾಜ ಅರಸರ ಸರ್ಕಾರ ಭೂಸುಧಾರಣಾ ಕಾಯ್ದೆಗೆ ತಂದ ತಿದ್ದುಪಡಿ ಗೇಣಿ ಪದ್ಧತಿಯನ್ನು ಕಿತ್ತುಹಾಕಿತು. ಸೋತವರ ಬೇಡಿಕೆಯನ್ನು ಗೆದ್ದವರು ಈಡೇರಿಸಿದರು. ವಿರೋಧ ಪಕ್ಷದ ದುಡಿಮೆಗೆ ಕೂಲಿ ಸಿಗುವುದು ಹೀಗೆ. ಕೆಲಸ ಒಬ್ಬರದು, ಬಟವಾಡೆಯ ಪಟ್ಟಿಯಲ್ಲಿ ಹೆಸರು ಇನ್ನೊಬ್ಬರದು.

ಪಟೇಲರ ಮುಂದಿನ ಬದುಕು ಓದುಗರಿಗೆ ಹೆಚ್ಚು ಪರಿಚಿತ. ತುರ್ತು ಪರಿಸ್ಥಿತಿಯಲ್ಲಿ ಅವರು ಸೆರೆಮನೆ ಕಂಡರು. 1978ರಲ್ಲಿ ಚನ್ನಗಿರಿಯಿಂದ ವಿಧಾನಸಭೆಗೆ ಬಂದರು. ಕರ್ನಾಟಕದ ಮೊದಲ ಕಾಂಗ್ರೆಸ್ಸೇತರ ಸರ್ಕಾರವಾದ ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಸಚಿವರಾದರು. 1994ರಲ್ಲಿ ಎಚ್.ಡಿ. ದೇವೇಗೌಡರ ಸಂಪುಟದಲ್ಲಿ ಉಪಮುಖ್ಯಮಂತ್ರಿ. ಗೌಡರು ಪ್ರಧಾನಿಯಾಗಲು ದೆಹಲಿಗೆ ಹೊರಟಾಗ, 1996ರ ಮೇ 31ರಂದು, ಮುಖ್ಯಮಂತ್ರಿ. 1997ರಲ್ಲಿ ಬಾಗಲಕೋಟೆ, ಚಾಮರಾಜನಗರ, ದಾವಣಗೆರೆ, ಗದಗ, ಹಾವೇರಿ, ಕೊಪ್ಪಳ, ಉಡುಪಿ ಜಿಲ್ಲೆಗಳು ರೂಪುಗೊಂಡವು. ತಮ್ಮನ್ನು ಲೋಕಸಭೆಗೆ ಕಳಿಸಿದ್ದ ಶಿವಮೊಗ್ಗದಿಂದ ತಮ್ಮ ಹುಟ್ಟೂರಿನ ಚನ್ನಗಿರಿಯನ್ನೂ ನಮ್ಮ ಹೊನ್ನಾಳಿಯನ್ನೂ ಬಿಡಿಸಿ ದಾವಣಗೆರೆಗೆ ಸೇರಿಸಿದ್ದೂ ಆಗಲೇ. ಚಿತ್ರದುರ್ಗದ ಜಗಳೂರೂ ಹೊಸ ಜಿಲ್ಲೆಗೆ ಬಂತು. ಅಂದು ಹೊನ್ನಾಳಿಯ ಭಾಗವಾಗಿದ್ದ ನ್ಯಾಮತಿ ಈಗ ಬೇರೆಯೇ ತಾಲ್ಲೂಕು.

ಅವರನ್ನು ಸಂತನನ್ನಾಗಿ ಚಿತ್ರಿಸುವ ಅಗತ್ಯವಿಲ್ಲ. ಅದನ್ನು ಅವರೇ ಒಪ್ಪುತ್ತಿರಲಿಲ್ಲ. ತಮ್ಮ ದೌರ್ಬಲ್ಯಗಳನ್ನು ಅವರು ಎಂದೂ ಮುಚ್ಚಿಟ್ಟವರಲ್ಲ. ಅವರ ಆಡಳಿತ ನಿಧಾನದ್ದೆಂಬ ಟೀಕೆ ಇತ್ತು. ಜನತಾ ದಳ ಅವರ ಕಾಲದಲ್ಲೇ ಒಡೆಯಿತು. ಕಾಂಗ್ರೆಸ್ ವಿರೋಧದ ಲೋಹಿಯಾ ಸೂತ್ರವನ್ನು ಹಿಡಿದು ಹೊರಟ ಪಯಣ 1999ರಲ್ಲಿ ಅವರನ್ನು ರಾಷ್ಟ್ರೀಯ ಪ್ರಜಾಸತ್ತಾತ್ಮಕ ಮೈತ್ರಿಕೂಟದ ಅಂಗಳಕ್ಕೆ ತಂದು ನಿಲ್ಲಿಸಿತು. ಹಳೆಯ ಸಂಗಾತಿಗಳಲ್ಲಿ ಅನೇಕರಿಗೆ ಅದು ನುಂಗಲಾರದ ತುತ್ತಾಯಿತು. ಆ ಚುನಾವಣೆಯಲ್ಲಿ ಚನ್ನಗಿರಿಯೇ ಅವರನ್ನು ಸೋಲಿಸಿತು. 2000ದ ಡಿಸೆಂಬರ್ 12ರಂದು ಅವರು ತೀರಿಕೊಂಡಾಗ ಎಪ್ಪತ್ತು ವರ್ಷ.

ಈ ಎಲ್ಲ ಏರಿಳಿತಗಳನ್ನು ತಕ್ಕಡಿಗೆ ಹಾಕಿದಾಗ ನನಗೆ ಕಾಣುವುದು ಇಷ್ಟು. ಜಿಲ್ಲೆಗಳನ್ನು ಪಟೇಲರಲ್ಲದಿದ್ದರೆ ಇನ್ನೊಬ್ಬ ಮುಖ್ಯಮಂತ್ರಿ ಇಂದಲ್ಲ ನಾಳೆ ಮಾಡುತ್ತಿದ್ದರು; ಅವರ ನಂತರವೂ ಹೊಸ ಜಿಲ್ಲೆಗಳು ಆಗಿವೆ. ಅದಕ್ಕೆ ಅಧಿಕಾರ ಬೇಕಿತ್ತು, ಅದು ಅವರಲ್ಲಿತ್ತು. 1967ರಲ್ಲಿ ಅವರ ಬಳಿ ಇದ್ದದ್ದು ಕೆಲವು ನಿಮಿಷಗಳ ಅವಕಾಶ ಮಾತ್ರ. ಅಷ್ಟರಲ್ಲಿ ಅವರು ಮಾಡಿದ್ದು ಮುಂದೆ ಬಂದ ಪ್ರತಿಯೊಬ್ಬ ಕನ್ನಡಿಗ ಸದಸ್ಯನಿಗೂ ಆಸ್ತಿಯಾಯಿತು. ಇಂದು ಲೋಕಸಭೆಯಲ್ಲಿ ಕನ್ನಡದಿಂದ ಏಕಕಾಲದ ಭಾಷಾಂತರದ ವ್ಯವಸ್ಥೆ ಇದೆ. 2025ರಲ್ಲಿ ಈ ಸೌಲಭ್ಯವನ್ನು ಇನ್ನಷ್ಟು ಭಾಷೆಗಳಿಗೆ ವಿಸ್ತರಿಸಲಾಗಿದೆ. ಕನ್ನಡದಲ್ಲಿ ಎದ್ದು ಮಾತನಾಡುವ ಸದಸ್ಯನನ್ನು ಇಂದು ಯಾರೂ ವಿಚಿತ್ರವಾಗಿ ನೋಡುವುದಿಲ್ಲ. ಹೊನ್ನಾಳಿಯ ಹಿರಿಯರು ಎತ್ತಿದ್ದ ಪ್ರಶ್ನೆಗೆ, ತಡವಾಗಿಯಾದರೂ, ಉತ್ತರ ಸಿಕ್ಕಿದೆ.

ಆದರೆ ಅರ್ಧ ಮಾತ್ರ. 120ನೆಯ ವಿಧಿಯ ಒಕ್ಕಣೆ ಇಂದಿಗೂ ಹಾಗೆಯೇ ಇದೆ. ಕನ್ನಡ ಅಲ್ಲಿ ಇನ್ನೂ ಅಸಮರ್ಥನ ರಿಯಾಯಿತಿಯೇ. ಅದನ್ನು ತಿದ್ದಿ 350ನೆಯ ವಿಧಿಗೆ ಸಮನಾಗಿಸಬೇಕೆಂದು ಕೇಳುವುದು ಯಾವ ಪಕ್ಷದ ಸದಸ್ಯನಿಗೂ ಅಸಾಧ್ಯವಲ್ಲ. ಇನ್ನೊಂದು ಅರ್ಧ ಹೆಚ್ಚು ಕಠಿಣವಾದದ್ದು. ಭಾಷೆಗೆ ಯಂತ್ರ, ಭಾಷಾಂತರಕಾರ ಎಲ್ಲವೂ ಬಂದ ಮೇಲೆ ಉಳಿಯುವುದು ಹೇಳಬೇಕಾದ ಮಾತಿನ ಪ್ರಶ್ನೆ. 1985ರ ಪಕ್ಷಾಂತರ ನಿಷೇಧ ಕಾಯ್ದೆಯ ನಂತರ ಸಚೇತಕಾಜ್ಞೆಯನ್ನು ಮೀರಿ ಮತ ಹಾಕಿದ ಸದಸ್ಯ ತನ್ನ ಸ್ಥಾನವನ್ನೇ ಕಳೆದುಕೊಳ್ಳಬಹುದು. ಹಿಂದಿನ ಬೆಂಚಿನಲ್ಲಿ ಕುಳಿತವನಿಗೆ ಈಗ ಹಾಜರಾತಿ ಇದೆ, ಮತವಿದೆ. ಸ್ವಂತ ನಿಲುವಿಗೆ ಜಾಗ ಕಡಿಮೆ.

ಪಕ್ಷದ ಬಲ ಸಣ್ಣದಿದ್ದಾಗ, ತಿಳಿಯದೆಂದು ಗೊತ್ತಿದ್ದೂ, ತನ್ನ ಜನರ ಮಾತಿನಲ್ಲೇ ಎದ್ದು ನಿಂತ ಒಬ್ಬ ಸದಸ್ಯ ನಮ್ಮ ಸೀಮೆಯಿಂದ ಹೋಗಿದ್ದ. ವಿದ್ಯಾರ್ಥಿಗಳು ಕೇಳುತ್ತಿದ್ದ ಪ್ರಶ್ನೆಗೆ ನಾನು ಕೊಡಬಲ್ಲ ಉತ್ತರ ಅದೇ. ಹಿಂದಿನ ಬೆಂಚಿನವನು ಕಾನೂನು ಮಾಡಲಾರ. ಆದರೆ ಯಾವುದು ಸಾಧ್ಯ ಎಂಬುದನ್ನು ಮುಂದಿನವರಿಗೆ ತೋರಿಸಿ ಹೋಗಬಲ್ಲ. ದಾವಣಗೆರೆಯಿಂದಾಗಲಿ ಶಿವಮೊಗ್ಗದಿಂದಾಗಲಿ ದೆಹಲಿಗೆ ಹೋಗುವವರನ್ನು ನಾವು ಇನ್ನು ಮುಂದೆ ಕೇಳಬೇಕಾದದ್ದು ಎಷ್ಟು ಅನುದಾನ ತಂದಿರಿ ಎಂದಷ್ಟೇ ಅಲ್ಲ. ನಮ್ಮ ಪರವಾಗಿ ಎದ್ದು ನಿಂತು ಏನು ಹೇಳಿದಿರಿ ಎಂದೂ ಕೇಳಬೇಕು.